ಲೋಟದ ಅಂಚಿನ ಉಪ್ಪು

ಕರೆಂಟು ಹೋಗಿ ಐಸೆಲ್ಲ ನೀರಾಗಬಹುದಿತ್ತು. ಚಿಕ್ಕಮಗಳೂರಿನಿಂದ ಐಸು ತರುವ ಜೀಪಿಗೆ ಅಡ್ಡಲಾಗಿ ಮರ ಬೀಳಬಹುದಿತ್ತು. ಮರ ಬೀಳದಿದ್ದರೆ ಆನೆ ನಿಲ್ಲಬಹುದಿತ್ತು. ಆ ವಾರ ನಮ್ಮ ವಾಟ್ಸಾಪ್ ಗುಂಪಿಗೆ ದಿನಕ್ಕೆರಡು ಸಲ ಆನೆಯ ಫೋಟೊ ಬರುತ್ತಿತ್ತು. ಟಕೀಲಾ ನಕಲಿಯಾಗಿರಬಹುದಿತ್ತು, ಅಸಲಿಯಾಗಿದ್ದರೂ ಇದು ಅಸಲಿ ಎಂದು ಹೇಳಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ. ಹಿಂಡಿಟ್ಟ ನಿಂಬೆರಸ ಕಹಿಯಾಗಬಹುದಿತ್ತು. ಕಿತ್ತಳೆ ಸಿಪ್ಪೆ ನೆನೆಹಾಕಿದ ಬಾಟಲಿಯ ಬಿರಡೆ ಹಾರಿ ಗೋಡೆಯ ಮೇಲಿನ ಹಿಂದಿನ ಅಧ್ಯಕ್ಷರೊಬ್ಬರ ಫೋಟೊದ ಗಾಜು ಒಡೆಯಬಹುದಿತ್ತು. ಸದಸ್ಯರೊಬ್ಬರ ತಾಯಿ, ಎಂಬತ್ತು ದಾಟಿದವರು, ಪಾನಕವೆಂದು ತಿಳಿದು ಎರಡು ಗ್ಲಾಸು ಕುಡಿದು ಸೋಬಾನೆ ಹೇಳಲು ಶುರು ಮಾಡಬಹುದಿತ್ತು. ಈಗಿನ ಅಧ್ಯಕ್ಷರು ಖಾಲಿ ಹೊಟ್ಟೆಯಲ್ಲಿ ಕುಡಿದು, ಖಜಾಂಚಿಯ ಬಗ್ಗೆ ತಮಗಿರುವ ನಿಜವಾದ ಅಭಿಪ್ರಾಯವನ್ನು ಮೈಕಿನಲ್ಲಿ ಹೇಳಬಹುದಿತ್ತು. ಹುಲ್ಲಿನಿಂದ ರಕ್ತ ಹೀರುವ ಇಂಬಳ ಹತ್ತಿ ಯಾರಾದರೂ ಕಿರುಚಿ ಗ್ಲಾಸು ಬೀಳಿಸಬಹುದಿತ್ತು, ಆ ಚೂರಿನ ಮೇಲೆ ಇನ್ಯಾರಾದರೂ ಕಾಲಿಡಬಹುದಿತ್ತು, ಆ ಇನ್ಯಾರಾದರೂ ಡಾಕ್ಟರೇ ಆಗಿಬಿಡಬಹುದಿತ್ತು.

ಕ್ಲಬ್ಬಿನ ವಾರ್ಷಿಕ ಊಟದ ದಿನ ಕೆಡಬಹುದಾದ ಇದನ್ನೆಲ್ಲ ನಾನು ತೋಟದ ಮಳೆ ಅಳತೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ ನಂಬರು ಹಾಕಿ ಬರೆದಿಟ್ಟಿದ್ದೆ. ಒಟ್ಟು ಇಪ್ಪತ್ತಮೂರು. ಹೆಂಡತಿ ಓದಿ ಪುಸ್ತಕ ಮುಚ್ಚಿದಳು.

"ಇಪ್ಪತ್ನಾಲ್ಕನೇದು ಬಿಟ್ಟಿದೀರಿ."

"ಎಂತದು?"

"ಎಲ್ಲಾ ಸರಿಯಾಗೇ ನಡ್ಯೋದು. ಹಂಗಾದ್ರೆ ನೀವೆಂತ ಮಾಡ್ತೀರಿ ಮಾರಾಯ್ರೆ?"

ನಾನು ಮೂಡಿಗೆರೆ ಕಡೆಯ ಒಂದು ಸಣ್ಣ ಪ್ಲಾಂಟರ್ಸ್ ಕ್ಲಬ್ಬಿನ ಗೌರವ ಕಾರ್ಯದರ್ಶಿ. ಬೇರೆ ಯಾರೂ ಒಪ್ಪದ ಕಾರಣ ಬಂದ ಹುದ್ದೆ ಇದು. ಅದರಲ್ಲಿ ಗೌರವವೆಂದರೆ ಸಂಬಳವಿಲ್ಲ ಎಂದರ್ಥ, ಕಾರ್ಯದರ್ಶಿ ಎಂದರೆ ತಪ್ಪು ಯಾರದೇ ಆಗಲಿ ಫೋನು ನನಗೆ ಎಂದರ್ಥ. ಐವತ್ತೆರಡು ವರ್ಷದಿಂದ ಯಾವ ತರಬೇತಿಯೂ ಇಲ್ಲದೆ ಚಿಂತೆ ಮಾಡುತ್ತ ಬಂದವನಿಗೆ ಇದಕ್ಕಿಂತ ಒಗ್ಗುವ ಕೆಲಸ ಸಿಗಲಾರದು.

ಆದರೆ ಈ ಸಲದ ಚಿಂತೆ ನನ್ನದಲ್ಲ, ನಮ್ಮ ಬಟ್ಲರದ್ದು.

ಬಟ್ಲರ್ ಎಂದರೆ ನಮ್ಮ ಕ್ಲಬ್ಬಿನ ಬಾರು ನೋಡಿಕೊಳ್ಳುವವರು. ಊರು ಸಂಸೆ. ಮೊದಲು ಕುದುರೆಮುಖದ ಗಣಿ ಊರಿನಲ್ಲಿ ಗೆಸ್ಟ್ ಹೌಸಿನಲ್ಲಿದ್ದರು. ಗಣಿ ನಿಂತಿತು, ಊರು ಖಾಲಿಯಾಯಿತು, ಇವರು ಒಂದು ಟ್ರಂಕು ಹಿಡಿದು ಬಣಕಲ್ಲಿನಲ್ಲಿ ಬಸ್ಸಿಳಿದು ನಮ್ಮಲ್ಲಿಗೆ ಬಂದರು. ಸುಮಾರು ಇಪ್ಪತ್ತು ವರ್ಷವಾಯಿತು. ಅರವತ್ತರ ಹತ್ತಿರದ ಸಣಕಲು ಮನುಷ್ಯ. ಬಿಳಿ ಅಂಗಿಯ ತೋಳನ್ನು ಎರಡೇ ಮಡಿಕೆ ಮಡಚುತ್ತಾರೆ. ಯಾರಿಗೆ ಸೋಡಾ ಎಷ್ಟು, ಯಾರಿಗೆ ಮೂರನೆಯ ಪೆಗ್ಗು ಕೊಡಬಾರದು, ಯಾರು ಮಗಳ ಮದುವೆ ಮುರಿದ ಮೇಲೆ ಮೂಲೆಯ ಕುರ್ಚಿಯಲ್ಲೇ ಕೂರುತ್ತಾರೆ, ಎಲ್ಲ ಅವರಿಗೆ ಗೊತ್ತು. ಅವರು ಮಾತ್ರ ಕುಡಿಯುವುದಿಲ್ಲ. ಒಂದು ಹನಿಯೂ ಇಲ್ಲ.

ಜೂನಿನಲ್ಲಿ ಒಂದು ಭಾನುವಾರ ಅಧ್ಯಕ್ಷರ ಮನೆಗೆ ಬಂದ ನೆಂಟರ ಹುಡುಗಿ ಬಾರಿನ ಮುಂದೆ ನಿಂತು ಮಾರ್ಗರಿಟಾ ಎಂಬ ಕಾಕ್‌ಟೇಲ್ ಕೇಳಿದಳು. ಬಟ್ಲರ್ "ಇಲ್ಲ ಮೇಡಂ" ಎಂದರು. ಅವರ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು. ಇಲ್ಲದ್ದನ್ನು ಕೇಳಿದರೂ ಅದಕ್ಕೆ ಹತ್ತಿರದ್ದೊಂದನ್ನು ಮಾಡಿ ಮುಂದಿಟ್ಟು ಒಪ್ಪಿಸುವವರು ಅವರು. ಆ ದಿನ ಹತ್ತಿರದ್ದು ಯಾವುದೆಂದೂ ಅವರಿಗೆ ತಿಳಿಯಲಿಲ್ಲ.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ವಿಷಯ ತೆಗೆದರು. ಅವರು ದೊಡ್ಡ ತೋಟದವರು, ನನಗಿಂತ ಹತ್ತು ವರ್ಷ ಹಿರಿಯರು. ಕೆಟ್ಟವರಲ್ಲ, ತಮ್ಮ ಮಾತಿನ ವೇಗಕ್ಕೆ ತಾವೇ ಬಲಿಯಾಗುವವರು.

"ಮಾರಾಯ, ಮಕ್ಳೆಲ್ಲ ಇಲ್ಲಿಗೆ ಬರೋದೇ ಬಿಟ್ರು. ಗಿರಿ ಕಡೆ ರೆಸಾರ್ಟಲ್ಲಿ ಒಬ್ಬ ಹುಡುಗ ಇದಾನೆ, ಬಾಟ್ಲಿ ಮೇಲೆ ಹಾರ್ಸಿ ಹಿಂದೆ ಕೈ ಕೊಟ್ಟು ಹಿಡೀತಾನೆ. ಅವನನ್ನ ಕರ್ಕೊಂಡ್ ಬರೋಣ. ಇವ್ರು ಊಟದ ಹಾಲ್ ನೋಡ್ಕೊಂಡಿರ್ಲಿ."

ಯಾರೂ ವಿರೋಧಿಸಲಿಲ್ಲ. ನಾನೂ ವಿರೋಧಿಸಲಿಲ್ಲ, "ಮಳೆ ಕಳೀಲಿ" ಎಂದೆ. ಏನನ್ನೂ ಮಾಡದಿರಲು ನಮ್ಮ ಕಡೆ ಎಲ್ಲರೂ ಒಪ್ಪುವ ಕಾರಣ ಅದೊಂದೇ.

ಸಭೆ ಮುಗಿದ ಮೇಲೆ ಬಟ್ಲರ್ ನನ್ನ ಕಾರಿನ ಬಳಿ ಬಂದು ನಿಂತರು. ಎಲ್ಲ ಕೇಳಿಸಿಕೊಂಡಿದ್ದರು. ಬಾರಿನ ಗೋಡೆ ಅರ್ಧಕ್ಕೇ ನಿಂತಿದೆ.

"ಸಾರ್, ಊಟದ ಹಾಲ್ ಕೆಲ್ಸ ಕೀಳು ಅಂತಲ್ಲ. ಒಂದ್ಸಲ ಒಂದು ಊರೇ ಕೈ ಬಿಟ್ಟು ಹೋಯ್ತು ನಂಗೆ. ಈಗ ಈ ಕೌಂಟರ್ ಹಿಂದೆ ನಿಂತ್ರೇನೇ ನಂಗೆ ನಾನು ಯಾರು ಅಂತ ಗೊತ್ತಾಗೋದು. ವಾರ್ಷಿಕ ಸಭೆ ಊಟದ ದಿನ ನಂಗೊಂದು ಅವಕಾಶ ಕೊಡಿ. ಆ ಮಾರ್ಗರಿಟಾನ ನಾನೇ ಮಾಡ್ತೀನಿ. ಅಧ್ಯಕ್ಷರು ಬೇಡ ಅಂದ್ರೆ ಅವತ್ತೇ ಬೀಗದಕೈ ಕೊಡ್ತೀನಿ."

ಅಧ್ಯಕ್ಷರು ಒಪ್ಪಿದರು. ಸೆಪ್ಟೆಂಬರಿನ ಕೊನೆಯ ಭಾನುವಾರ, ಮಧ್ಯಾಹ್ನದ ಊಟಕ್ಕೆ ಮುಂಚೆ, ನಲವತ್ತು ಜನಕ್ಕೆ.

ಬಟ್ಲರ್ ಮೊದಲು ಕೇಳಿದ್ದು ಅಳತೆಯನ್ನಲ್ಲ, ಹುಟ್ಟನ್ನು. "ಎಲ್ಲಿಂದ ಬಂದಿದ್ದು, ಯಾಕೆ ಬಂದಿದ್ದು ಅಂತ ಗೊತ್ತಿಲ್ದೆ ಹೆಂಗೆ ಮಾಡೋದು ಸಾರ್?" ಹಾಗಾಗಿ ಒಂದು ಮಧ್ಯಾಹ್ನ ಖಾಲಿ ಬಾರಿನಲ್ಲಿ ಕೂತು ನಾನು ಫೋನಿನಲ್ಲಿ ಓದುತ್ತ ಹೋದೆ, ಅವರು ಗ್ಲಾಸು ಒರೆಸುತ್ತ ಕೇಳುತ್ತ ಹೋದರು.

ಟಕೀಲಾ ಮೆಕ್ಸಿಕೋ ದೇಶದ್ದು. ಅದೇ ಹೆಸರಿನ ಊರೂ ಅಲ್ಲಿದೆ. ಕತ್ತಾಳೆಯ ಜಾತಿಯ ಒಂದು ನೀಲಿ ಗಿಡವನ್ನು ಆರೆಂಟು ವರ್ಷ ಬೆಳೆಸಿ, ಎಲೆಯೆಲ್ಲ ಕಡಿದು, ನಡುವಿನ ಗಡ್ಡೆಯನ್ನು ಬೇಯಿಸಿ, ಹಿಂಡಿ, ಹುಳಿಬರಿಸಿ, ಭಟ್ಟಿ ಇಳಿಸುತ್ತಾರೆ.

"ಕತ್ತಾಳೆ ಅಂದ್ರೆ? ಕಡೂರು ಕಡೆ ಬೇಲಿಗೆ ಹಾಕ್ತಾರಲ್ಲ, ನಾರು ತೆಗ್ದು ಹಗ್ಗ ಹೊಸೀತಾರಲ್ಲ, ಅದಾ?"

"ಅದ್ರ ನೆಂಟ."

"ಅಬ್ಬ. ಯಾರ್ ಸಾರ್ ಮೊದ್ಲು ಅದನ್ನ ಬಾಯಿಗಿಟ್ಟಿದ್ದು?" ಎಂದರು. ಆ ಪುಣ್ಯಾತ್ಮನ ಬಗ್ಗೆ ಅವರಿಗೆ ನಿಜವಾಗಿ ಮೆಚ್ಚುಗೆಯಾಗಿತ್ತು. ಮುಳ್ಳಿನ ಬೇಲಿಯೊಳಗೆ ಇಂಥದ್ದೊಂದು ಇದೆ ಎಂದು ಕಂಡವನು ಸಾಮಾನ್ಯನಲ್ಲ ಎಂದು ನನಗೂ ಅನ್ನಿಸಿತು. ನಾನಾಗಿದ್ದರೆ ಮುಳ್ಳು ಚುಚ್ಚಿದರೆ ಸೆಪ್ಟಿಕ್ ಆಗಬಹುದೆಂದು ಬೇಲಿಯ ಹತ್ತಿರವೇ ಹೋಗುತ್ತಿರಲಿಲ್ಲ.

ಮಾರ್ಗರಿಟಾದ ಹುಟ್ಟಿಗೆ ಒಂದಲ್ಲ, ಹಲವು ಕಥೆ. ಬೇರೆ ಯಾವ ಮದ್ಯವೂ ಮೈಗೆ ಒಗ್ಗದ ಒಬ್ಬ ನರ್ತಕಿಗಾಗಿ ಗಡಿಯ ಊರಿನ ಹೋಟೆಲಿನವನು ಮಾಡಿದ ಎಂಬುದು ಒಂದು. ಕಡಲತೀರದ ಮನೆಯಲ್ಲಿ ನೆಂಟರನ್ನು ಕರೆದ ಸಿರಿವಂತ ಹೆಂಗಸು ತಾನೇ ಬೆರೆಸಿದಳು ಎಂಬುದು ಇನ್ನೊಂದು. ಮೂರನೆಯದರ ಪ್ರಕಾರ, ಬ್ರಾಂದಿ, ನಿಂಬೆ, ಕಿತ್ತಳೆ ಹಾಕಿ ಮಾಡುವ ಡೈಸಿ ಎಂಬ ಹಳೆಯ ಪಾನೀಯವೊಂದಿತ್ತು. ಬಾರಿನವನೊಬ್ಬ ಗಡಿಬಿಡಿಯಲ್ಲಿ ಬ್ರಾಂದಿಯ ಬದಲು ಟಕೀಲಾ ಬಾಟಲಿ ಎತ್ತಿ ಸುರಿದ. ಡೈಸಿ ಹೂವಿಗೆ ಅಲ್ಲಿಯವರ ಭಾಷೆಯಲ್ಲಿ ಮಾರ್ಗರಿಟಾ ಎನ್ನುತ್ತಾರೆ.

ಬಟ್ಲರ್ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು.

"ಮೂರನೇದೇ ನಿಜ."

"ಹೆಂಗೆ ಹೇಳ್ತೀರಿ?"

"ನರ್ತಕಿ ಕಥೆ ಕುಡಿಯೋರು ಕಟ್ಟಿದ್ದು. ಸಿರಿವಂತೆ ಕಥೆ ಸಿರಿವಂತೆ ಕಟ್ಟಿದ್ದು. ಕೌಂಟರ್ ಹಿಂದೆ ನಿಂತೋನಿಗೆ ಗೊತ್ತು ಸಾರ್, ಕೈ ತಪ್ಪತ್ತೆ. ಅವನು ದೊಡ್ಡೋನು ಯಾಕೆ ಅಂದ್ರೆ, ಚೆಲ್ಲಲಿಲ್ಲ. ಕೊಟ್ಟ."

ನಾನು ಫೋನು ಕೆಳಗಿಟ್ಟೆ. ನಾನು ಓದಿದ ಯಾವ ಲೇಖನದಲ್ಲೂ ಆ ಮಾತಿರಲಿಲ್ಲ.

ಮಾಡುವ ಕ್ರಮ ಕೇಳಲು ಸುಲಭ. ಎರಡು ಪಾಲು ಟಕೀಲಾ, ಒಂದು ಪಾಲು ಕಿತ್ತಳೆಯ ಸಿಹಿಮದ್ಯ, ಒಂದು ಪಾಲು ನಿಂಬೆರಸ. ಐಸಿನೊಂದಿಗೆ ಕುಲುಕಿ, ಅಂಚಿಗೆ ಉಪ್ಪು ಹಚ್ಚಿದ ಗ್ಲಾಸಿಗೆ ಸೋಸುವುದು. ಟಕೀಲಾ ಚಿಕ್ಕಮಗಳೂರಿನ ಅಂಗಡಿಯಲ್ಲಿ ಸಿಕ್ಕಿತು, ಅಂಗಡಿಯವರು ಧೂಳು ಒರೆಸಿ ಕೊಟ್ಟರು. ಕಿತ್ತಳೆಯ ಮದ್ಯ ಸಿಗಲಿಲ್ಲ. ನಾನು ಆ ರಾತ್ರಿಯೆಲ್ಲ ನಿದ್ದೆಗೆಟ್ಟೆ. ಬಟ್ಲರ್ ಮಾತ್ರ ಮರುದಿನ ನಮ್ಮ ತೋಟಕ್ಕೆ ಬಂದು, ಕಾಫಿಯ ನಡುವಿನ ಕಿತ್ತಳೆ ಗಿಡಗಳಿಂದ ಮಳೆಗಾಲದ ಹಸಿರು ಹಣ್ಣುಗಳನ್ನು ಕಿತ್ತರು, ಮನೆಯ ಹಿಂದಿನ ಹೇರಳೆಕಾಯಿಯನ್ನೂ ಎರಡು ಕಿತ್ತರು.

"ಹೇರಳೆಕಾಯಿ ಚಿತ್ರಾನ್ನಕ್ಕಲ್ವಾ?" ಎಂದಳು ಹೆಂಡತಿ.

"ಬರೀ ಸಿಹಿಯಾದ್ರೆ ಪೆಪ್ಪರ್ಮೆಂಟ್ ಆಗತ್ತೆ ಅಮ್ಮ. ಹಿಂದೆ ಒಂಚೂರು ಕಹಿ ಇರ್ಬೇಕು."

ಸಿಪ್ಪೆಯನ್ನು ಮಾತ್ರ, ಒಳಗಿನ ಬಿಳಿ ತಾಗದಂತೆ, ಅವರು ಹೆರೆದದ್ದು ನೋಡಬೇಕಿತ್ತು. ಕಾಗದಕ್ಕಿಂತ ತೆಳು. ಅದನ್ನು ವೋಡ್ಕಾದಲ್ಲಿ ಮೂರು ವಾರ ನೆನೆಹಾಕಿ, ಸೋಸಿ, ಸಕ್ಕರೆ ಪಾಕ ಬೆರೆಸಿದರು. ಬಣ್ಣ ಕಾರ್ತೀಕದ ಹೊತ್ತಿನ ಸಂಜೆ ಬಿಸಿಲಿನಂತೆ ಬಂತು. ನಾನು ಪ್ರತಿದಿನ ಹೋಗಿ ಬಿರಡೆ ಹಾರಿದೆಯೇ ಎಂದು ನೋಡಿ ಬರುತ್ತಿದ್ದೆ.

ಕುಲುಕುವ ಪಾತ್ರೆಯೂ ಕ್ಲಬ್ಬಿನಲ್ಲಿ ಇರಲಿಲ್ಲ. ಒಂದು ಉದ್ದನೆಯ ಸ್ಟೀಲ್ ಲೋಟ, ಅದರ ಬಾಯಿಗೆ ಸರಿಯಾಗಿ ಕೂರುವ ಸ್ವಲ್ಪ ಸಣ್ಣ ಇನ್ನೊಂದು. ಬೋರಲು ಹಾಕಿ ಅಂಗೈಯಿಂದ ಒಂದು ಗುದ್ದು. ತಣ್ಣಗಾದಂತೆ ಸ್ಟೀಲು ಬಿಗಿದುಕೊಳ್ಳುತ್ತದೆ, ಒಂದು ಹನಿ ಸೋರುವುದಿಲ್ಲ. ಪ್ರಪಂಚದ ದೊಡ್ಡ ದೊಡ್ಡ ಬಾರುಗಳಲ್ಲಿಯೂ ಹೀಗೆ ಒಂದರ ಮೇಲೊಂದು ಕೂರಿಸುವ ಎರಡು ಡಬ್ಬಿಗಳನ್ನೇ ಬಳಸುತ್ತಾರೆಂದು ನಾನು ಆಮೇಲೆ ವಿಡಿಯೋದಲ್ಲಿ ನೋಡಿದೆ. ಬಟ್ಲರಿಗೆ ತೋರಿಸಿದೆ. "ಹೌದಾ" ಎಂದರು ಅಷ್ಟೆ.

ಅವರು ಕುಲುಕುವುದು ಗಡಿಯಾರ ನೋಡಿ ಅಲ್ಲ, ಕಿವಿಯಿಂದ. ಮೊದಲು ಐಸಿನದ್ದು ಗಟ್ಟಿ ಸದ್ದು, ಬಂಡಿಯಲ್ಲಿ ಕಲ್ಲು ಸಾಗಿಸಿದ ಹಾಗೆ. ಆಮೇಲೆ ಅಂಚು ಸವೆದು ಸದ್ದು ಮೆತ್ತಗಾಗುತ್ತದೆ. ಆ ಹೊತ್ತಿಗೆ ಲೋಟದ ಮೈಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಕೂತಿರುತ್ತದೆ. ಪಕ್ಕಕ್ಕೆ ಒಂದು ತಟ್ಟು, ಲೋಟ ಬಿಟ್ಟುಕೊಂಡಿತು. ನಾನೂ ಒಮ್ಮೆ ಪ್ರಯತ್ನಿಸಿದೆ. ನನ್ನದು ಬಿಡಲೇ ಇಲ್ಲ, ಬಿಸಿನೀರಿನಲ್ಲಿ ಮುಳುಗಿಸಬೇಕಾಯಿತು. ಪಟ್ಟಿಯ ಹನ್ನೊಂದನೆಯ ನಂಬರು ಹುಟ್ಟಿದ್ದು ಆಗಲೇ.

ಕುಡಿಯದವರು ರುಚಿ ನೋಡುವುದು ಹೇಗೆ? ಮೂಸುತ್ತಿದ್ದರು, ಮತ್ತೆ ನನ್ನ ಮುಖ ನೋಡುತ್ತಿದ್ದರು. ಐದು ವಾರ, ವಾರಕ್ಕೊಮ್ಮೆ, ನಾನು ಅವರ ನಾಲಿಗೆ. ನನಗೆ ಎದೆಯುರಿ, ಬಿಪಿ, ಜೊತೆಗೆ ಹೆಂಡತಿಯ ಮಾತು: "ಸಮಾಜಸೇವೆ ಅಂತ ಹೋಗಿ ಉಪ್ಪು ನೆಕ್ಕಿ ಬರ್ತೀರಿ."

"ಚೆನ್ನಾಗಿದೆ" ಎಂದೆ ಮೊದಲ ಸಲವೇ.

"ನೀವು ಹೇಳೋದು ಬೇಡ ಸಾರ್, ಕುಡೀರಿ. ಮೊದ್ಲನೇ ಗುಟುಕು ಎಲ್ಲಾರೂ ನನ್ ಮುಖ ನೋಡ್ಕೊಂಡೇ ಕುಡೀತಾರೆ. ಎರಡನೇದಕ್ಕೆ ಗ್ಲಾಸ್ ನೋಡಿದ್ರೆ ಸರಿಯಾಗಿದೆ ಅಂತ. ನೀವಿನ್ನೂ ನನ್ನೇ ನೋಡ್ತಾ ಇದೀರಿ."

ಮೂಡಿಗೆರೆ ಸಂತೆಯ ನಿಂಬೆ ಹುಳಿ ಜೋರೆಂದು ಅದರ ಪಾಲನ್ನು ಕಾಲುಭಾಗ ಇಳಿಸಿದರು. ಐದನೆಯ ವಾರ ನಾನು ಅರಿವಿಲ್ಲದೆ ಗ್ಲಾಸಿನತ್ತ ನೋಡಿದೆನಂತೆ. ಮೊದಲು ಉಪ್ಪು, ಹಿಂದೆಯೇ ಹುಳಿ, ಅದರ ಬೆನ್ನಿಗೆ ಕಿತ್ತಳೆ. ಎಲ್ಲ ಇಳಿದ ಮೇಲೆ ಬೆಂದ ಗಡ್ಡೆಯಂಥ, ಮಣ್ಣಿನಂಥ ಏನೋ ಒಂದು ತಡವಾಗಿ ಬಂದು ಗಂಟಲಿನಲ್ಲಿ ಕುಳಿತಿತು. ಬಟ್ಲರ್ ಬಟ್ಟೆ ಹೆಗಲಿಗೆ ಹಾಕಿಕೊಂಡು, "ಆಯ್ತು" ಎಂದರು.

ಉಪ್ಪಿನ ವಿಷಯದಲ್ಲಿ ಅವರದೇ ಒಂದು ಪದ್ಧತಿ. ನಮ್ಮ ಮಳೆಗಾಲದಲ್ಲಿ ಉಪ್ಪು ಬೆವರುತ್ತದೆ, ಅಂಚಿಗೆ ಹಚ್ಚಿದರೆ ಇಳಿದುಬಿಡುತ್ತದೆ. ಅವರು ಕಲ್ಲುಪ್ಪನ್ನು ಕಾವಲಿಯ ಮೇಲೆ ಹುರಿದು, ತರಿಯಾಗಿ ಕುಟ್ಟಿ, ತೋಟದ ಕಾಳುಮೆಣಸಿನ ಪುಡಿಯನ್ನು ಸ್ವಲ್ಪ ಬೆರೆಸಿದರು. ಕಂದು ಬಣ್ಣದ ಉಪ್ಪು. ಗ್ಲಾಸಿನ ಅರ್ಧ ಅಂಚಿಗೆ ಮಾತ್ರ ಹಚ್ಚುತ್ತಿದ್ದರು.

"ಎಲೆ ತುದೀಲಿ ಉಪ್ಪು ಬಡಿಸ್ತೀವಲ್ಲ ಸಾರ್, ಹಂಗೆ. ಬೇಕಾದೋರು ತಗೊಳ್ಲಿ, ಬೇಡದೋರು ಆ ಕಡೆಯಿಂದ ಕುಡೀಲಿ."

ಭಾನುವಾರ ಬಂತು. ಕರೆಂಟು ಹೋಗಲಿಲ್ಲ. ಐಸು ಹತ್ತೂವರೆಗೇ ಬಂತು, ಆನೆ ಬೇರೆ ಯಾರದೋ ತೋಟದಲ್ಲಿತ್ತು. ವಾರದಿಂದ ಸುರಿದ ಮಳೆ ನಿಂತು ಬಿಸಿಲು ಬಂದದ್ದರಿಂದ ಎಲ್ಲರೂ ಹುಲ್ಲಿನ ಮೇಲೆ ಓಡಾಡುತ್ತಾರಲ್ಲ ಎಂದು ನನಗೆ ಇಂಬಳದ ಚಿಂತೆ ಹತ್ತಿತು. ಮಳೆಗಾಲದಲ್ಲಿ ನಮ್ಮ ಎಲ್ಲ ಮನೆಗಳ ಮೆಟ್ಟಿಲ ಬಳಿ ಇಡುವಂತೆ, ಕಾಲಿಗೆ ಸವರಿಕೊಳ್ಳಲು ಉಪ್ಪಿಗೆ ಹೊಗೆಸೊಪ್ಪಿನ ಪುಡಿ ಕಲಸಿ, ಕ್ಲಬ್ಬಿನ ಬಿಳಿ ಸಾಸರುಗಳಲ್ಲಿ ಹಾಕಿ, ಎರಡನ್ನು ಮೆಟ್ಟಿಲ ಬಳಿ ಇಟ್ಟೆ. ಹೆಚ್ಚಿಗೆ ಬೇಕಾದರೆ ಇರಲಿ ಎಂದು ಮೂರನೆಯದನ್ನು ಅಡಿಗೆಮನೆಯ ಕಿಟಕಿಯಲ್ಲಿಟ್ಟೆ. ಮುಂಜಾಗ್ರತೆಗೂ ಮುಂಜಾಗ್ರತೆ ಬೇಕೆನ್ನುವವನು ನಾನು.

ಬಟ್ಲರ್ ಕೌಂಟರಿನ ಹಿಂದೆ ನಿಂತಿದ್ದರು. ತೋಳು ಎರಡು ಮಡಿಕೆ. ಹಾರಿಸುವುದಿಲ್ಲ, ತಿರುಗಿಸುವುದಿಲ್ಲ. ಲೋಟ ಕಿವಿಯ ಹತ್ತಿರ, ಕಣ್ಣು ಅರ್ಧ ಮುಚ್ಚಿ. ಅವರು ಕುಲುಕಲು ಶುರು ಮಾಡಿದಾಗ ಬಾರಿನ ಮುಂದಿನ ಗದ್ದಲ ತಾನಾಗಿ ಇಳಿಯಿತು. ಜೂನಿನಲ್ಲಿ ಕೇಳಿದ್ದ ಹುಡುಗಿಯೂ ಬಂದಿದ್ದಳು. ಮೊದಲ ಗ್ಲಾಸು ಅವಳಿಗೇ ಕೊಟ್ಟರು.

"ಆವತ್ತು ಇಲ್ಲ ಅಂದಿದ್ದೆ ಮೇಡಂ."

ಅವಳು ಕುಡಿದಳು, ನಕ್ಕಳು, ಇನ್ನೊಂದು ಗುಟುಕು ಕುಡಿದಳು, ಗ್ಲಾಸನ್ನು ತಿರುಗಿಸಿ ನೋಡಿದಳು.

ಅಧ್ಯಕ್ಷರ ಸರದಿ ಬಂತು. ಅವರು ಗ್ಲಾಸು ಹಿಡಿದು, ಬಟ್ಲರ್ ಮುಖ ನೋಡುತ್ತ ಒಂದು ಗುಟುಕು ತೆಗೆದುಕೊಂಡರು. "ಹ್ಞೂಂ" ಎಂದರು. ಆ ಹ್ಞೂಂನಲ್ಲಿ ಏನೂ ಇರಲಿಲ್ಲ. ಪಕ್ಕದವರ ಜೊತೆ ಮೆಣಸಿನ ರೇಟು ಮಾತಾಡಿದರು. ಬಟ್ಲರ್ ಮುಂದಿನ ಗ್ಲಾಸಿಗೆ ಉಪ್ಪು ಹಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ಕೈ ಮಾತ್ರ ಒಂದೇ ಗ್ಲಾಸನ್ನು ಎರಡು ಸಲ ಒರೆಸಿತು.

ಅಧ್ಯಕ್ಷರು ಮಾತಿನ ನಡುವೆ ಎರಡನೆಯ ಗುಟುಕು ಎಳೆದರು. ಮಾತು ಅರ್ಧಕ್ಕೆ ನಿಂತಿತು. ಕೈಯಲ್ಲಿದ್ದುದನ್ನು ಕಣ್ಣೆತ್ತರಕ್ಕೆ ತಂದು, ಮೊದಲ ಸಲ ಕಂಡವರ ಹಾಗೆ ನೋಡಿದರು.

"ಇದ್ರಲ್ಲಿ ಹೇರಳೆಕಾಯಿ ಹಾಕಿದೀರೇನ್ರಿ?"

"ಸ್ವಲ್ಪ ಸಾರ್. ಸಿಪ್ಪೆ."

"ನಮ್ಮಮ್ಮ ಉಪ್ಪಿನಕಾಯಿ ಹಾಕ್ತಿದ್ರು," ಎಂದರು. ಖಾಲಿ ಮಾಡಿ ಗ್ಲಾಸು ಮುಂದೆ ಸರಿಸಿದರು. "ಇನ್ನೊಂದು ಕೊಡಿ." ಆಮೇಲೆ ನನ್ನ ಕಡೆ ತಿರುಗಿ, "ಆ ರೆಸಾರ್ಟ್ ಹುಡುಗನಿಗೆ ಫೋನ್ ಮಾಡಿದ್ಯಾ?"

"ಇನ್ನೂ ಇಲ್ಲ."

"ಮಾಡ್ಬೇಡ ಮಾರಾಯ. ಬಾಟ್ಲಿ ಹಾರ್ಸೋನು ಬೇಕು ಅಂದ್ರೆ ಸರ್ಕಸ್ಸಿಗೆ ಹೋಗ್ತೀನಿ."

ಬಟ್ಲರ್ ಸೊಂಟದಲ್ಲಿದ್ದ ಬೀಗದಕೈ ಗೊಂಚಲನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಲೋಟಕ್ಕೆ ಐಸು ಹಾಕಿದರು.

ಆಮೇಲೆ ಜನ ಎರಡೆರಡು ಸಲ ಬಂದರು. ಎಂಬತ್ತು ದಾಟಿದ ಅಜ್ಜಿ ಒಂದು ಗ್ಲಾಸು ಪೂರ್ತಿ ತಿಳಿದೇ ಕುಡಿದು, ಪಾನಕ ಕೊಡಲು ಹೋದ ನನಗೆ "ನಂಗೇನು ಕಣ್ಣು ಕಾಣಲ್ವಾ?" ಎಂದರು. ಖಜಾಂಚಿಯ ಮರ್ಯಾದೆ ಉಳಿಯಿತು. ಎಲ್ಲರೂ ಊಟಕ್ಕೆ ಎದ್ದ ಮೇಲೆ ಬಾರಿನಲ್ಲಿ ಉಳಿದವರು ನಾವಿಬ್ಬರೇ. ಜೇಬಿನಲ್ಲಿದ್ದ ಪಟ್ಟಿಯ ನಕಲು ತೆಗೆದು ನೋಡಿದೆ. ಇಪ್ಪತ್ತಮೂರರಲ್ಲಿ ಒಂದೂ ಆಗಿರಲಿಲ್ಲ. ನನಗೆ ಸ್ವಲ್ಪ ಅವಮಾನವಾದ ಹಾಗೂ ಆಯಿತು.

"ಈಗ ನೀವು ಕುಡೀರಿ ಸಾರ್," ಎಂದರು ಬಟ್ಲರ್. "ನಾಲಿಗೆ ಸಾಲ ಕೊಟ್ಟೋರು ನೀವು. ಉಪ್ಪು ಮುಗ್ದಿದೆ, ಒಂಚೂರು ಕಾವಲಿಗೆ ಹಾಕ್ಲಾ?"

"ಕೂತ್ಕೊಳ್ಳಿ, ಅಡಿಗೆಮನೇಲಿ ಇನ್ನೊಂದು ಸಾಸರ್ ನೋಡಿದೀನಿ" ಎಂದು ನಾನೇ ಓಡಿದೆ. ಅವರಿಗೆ ಅಷ್ಟಾದರೂ ಸೇವೆ ಮಾಡಬೇಕೆಂಬ ಉತ್ಸಾಹ. ಕಿಟಕಿಯಲ್ಲಿದ್ದ ಬಿಳಿ ಸಾಸರಿನ ಕಂದು ಉಪ್ಪನ್ನು ತಂದು ಮುಂದಿಟ್ಟೆ. ಕೋಣೆಯೆಲ್ಲ ನಿಂಬೆ, ಕಿತ್ತಳೆಯ ಘಮ. ಬೇರೆ ಯಾವ ವಾಸನೆಯೂ ಏಳಲಿಲ್ಲ. ಅವರು ಅಂಚಿಗೆ ನಿಂಬೆ ಸವರಿ, ಉಪ್ಪಿನಲ್ಲಿ ಹೊರಳಿಸಿದರು. ನನಗೆಂದು ಅರ್ಧವಲ್ಲ, ಪ್ರೀತಿಯಿಂದ ಪೂರ್ತಿ ಅಂಚಿಗೆ.

ಮೊದಲ ಗುಟುಕಿಗೆ ತುಟಿ ಉರಿಯಿತು, ನಾಲಿಗೆ ದಪ್ಪಗಾಯಿತು, ಕಿವಿಯಲ್ಲಿ ಬಿಸಿ ಹೊಗೆ ಎದ್ದಿತು. ಬಟ್ಲರ್ ಕೌಂಟರಿನ ಮೇಲೆ ಮೊಣಕೈಯೂರಿ ನನ್ನ ಮುಖವನ್ನೇ ನೋಡುತ್ತಿದ್ದರು. ಆ ದಿನ ಅವರು ಗೆದ್ದದ್ದೆಲ್ಲ ಇನ್ನೊಂದು ಗುಟುಕಿನ ಮೇಲೆ ನಿಂತಂತೆ ನನಗೆ ತೋರಿತು. ಕಣ್ಣಲ್ಲಿ ನೀರು ತುಂಬಿಕೊಂಡೇ ನಾನು ಗ್ಲಾಸನ್ನು ಭಕ್ತಿಯಿಂದ ನೋಡುತ್ತ ಎರಡನೆಯದನ್ನೂ ಇಳಿಸಿದೆ.

ಅವರ ಹುಬ್ಬು ಗಂಟಾಯಿತು. ಬೆರಳು ಮೂಸಿಕೊಂಡರು. ಸಾಸರು ಎತ್ತಿ ಮೂಸಿದರು. ಮೆಲ್ಲಗೆ ನನ್ನ ಕೈಯಿಂದ ಗ್ಲಾಸು ತೆಗೆದುಕೊಂಡು, ಒಂದು ಚೊಂಬು ನೀರು ಮುಂದಿಟ್ಟರು.

"ಬಾಯಿ ಮುಕ್ಕಳಿಸಿ ಸಾರ್," ಎಂದರು. "ಈ ವರ್ಷ ನಿಮ್ಗೆ ಇಂಬಳ ಹತ್ತಲ್ಲ."